ಬೀಗರ ಕೈ

"ಇವತ್ತೊಂದು ದಿನ ಯಾರ ಕೈಯನ್ನೂ ದಿಟ್ಟಿಸಬೇಡಿ. ಕಣ್ಣು ಮುಖದ ಮೇಲಿರಲಿ. ಬರ್ತಿರೋದು ಬೀಗರು, ನಿಮ್ಮ ರೋಗಿಗಳಲ್ಲ" ಎಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದ್ದರು. ಡಾಕ್ಟರು ಹೂಂ ಎಂದಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಮೂವತ್ತು ವರ್ಷದಿಂದ ಅವರದು ಒಂದೇ ಧ್ಯಾನ, ಮೋಟರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸತ್ತು, ಕೈಕಾಲು, ಮಾತು, ಕೊನೆಗೆ ಉಸಿರೂ ಸೋಲುವ ಆ ಕಾಯಿಲೆ ಎಷ್ಟೋ ಸಲ ಮೊದಲು ತಲೆ ಹಾಕುವುದು ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸದಲ್ಲಿ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟರೆ ಡಾಕ್ಟರು ನೋಡುವುದು ಟಿಕೆಟ್ಟನ್ನಲ್ಲ.

ಬೀಗರಾಗಲಿರುವವರು ಒಬ್ಬರೇ ಬಂದರು. ಮಗಳು ಮೆಚ್ಚಿದ ಹುಡುಗನ ಅಪ್ಪ. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡೇ ಮಗನನ್ನು ಓದಿಸಿದವರು.

"ಬೀಗ ರಿಪೇರಿಯವರೇ ಬೀಗರಾಗಿ ಸಿಕ್ಕಿದ್ದು ನಮ್ಮ ಪುಣ್ಯ! ನಮ್ಮ ಸ್ಟೋರ್ ರೂಮಿನ ಬಾಗಿಲು ಎಷ್ಟೋ ದಿನದಿಂದ ಮುನಿಸ್ಕೊಂಡು ಕೂತಿದೆ" ಎಂದರು ಡಾಕ್ಟರ ಹೆಂಡತಿ. ಬೀಗರು ನಕ್ಕರು. ಟೀ ಕಪ್ಪನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಅದನ್ನೇ ನೋಡುತ್ತ, "ಮದುವೆ ಆದಷ್ಟು ಬೇಗ ಮುಗಿಸಿಬಿಡೋಣ, ತಡ ಬೇಡ" ಎಂದರು.

"ಅಯ್ಯೋ, ಮುಂದಿನ ವರ್ಷ ಆಗಲಿ ಸ್ವಾಮಿ. ಹೊಸ ಔಷಧಿ ಪರೀಕ್ಷೆ ನಡೀತಿದೆ, ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ" ಎಂದರು ಡಾಕ್ಟರು. "ಅದರಲ್ಲೂ ನಲವತ್ತೊಂದು ಅಂತ ಒಬ್ರಿದಾರೆ ನೋಡಿ..."

"ಶುರುವಾಯ್ತು ನಲವತ್ತೊಂದರ ಪುರಾಣ! ಹೆಸರೂ ಗೊತ್ತಿಲ್ಲದೋರ ಮೇಲೆ ಅದೇನು ಪ್ರೀತಿಯೋ" ಎಂದು ಹೆಂಡತಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹೆಸರು ಗೊತ್ತಿರಬಾರದು ಎನ್ನುವುದು ಡಾಕ್ಟರದೇ ನಿಯಮ. ರೋಗಿಗಳನ್ನು ಪರೀಕ್ಷಿಸುವುದು ಕಿರಿಯರು. ಕನಿಕರಕ್ಕೆ ಲೆಕ್ಕ ವಾಲಬಾರದೆಂದು ಡಾಕ್ಟರ ಮೇಜಿಗೆ ಬರಿಯ ನಂಬರುಗಳು ಬರುತ್ತಿದ್ದವು. ತಿಂಗಳಿಗೊಮ್ಮೆ ಎಲ್ಲರೂ ಒಂದು ಯಂತ್ರದ ಹಿಡಿಯನ್ನು ಮುಷ್ಟಿಯಲ್ಲಿ ಹಿಂಡಬೇಕು. ಆ ಬಲವೇ ಒಂದು ಗೆರೆಯಾಗುತ್ತಿತ್ತು. ಎಲ್ಲರ ಗೆರೆಯೂ ಇಳಿಯುತ್ತಿತ್ತು, ನಲವತ್ತೊಂದರದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ. ಒಬ್ಬರಿಗೆ ನಾಟಿದ ಔಷಧಿ ನಾಳೆ ಇನ್ನೊಬ್ಬರಿಗೂ ನಾಟಬಹುದು. ಡಾಕ್ಟರ ಮೂವತ್ತು ವರ್ಷದ ಆಸೆಯೆಲ್ಲ ಆ ಒಂದು ಗೆರೆಗೆ ಜೋತುಬಿದ್ದಿತ್ತು.

ಬೀಗರು ತಲೆಯೆತ್ತಿ ಡಾಕ್ಟರನ್ನು ನೋಡಿದರು. ಆಮೇಲೆ "ಆ ಬಾಗಿಲು ಎಲ್ಲಿದೆ ತೋರ್ಸಿ" ಎಂದು ಎದ್ದರು.

ಕೀಲಿ ಹಾಕಿ ತಿರುಗಿಸಹೋದರೆ ಹೆಬ್ಬೆರಳು ಜಾರಿತು. ಇನ್ನೊಮ್ಮೆಯೂ ಜಾರಿತು. ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕೀಲಿಯ ತಲೆಯಲ್ಲಿದ್ದ ತೂತಿಗೆ ಅಡ್ಡ ತೂರಿಸಿ, ಮುಂಗೈಯಿಂದ ಒತ್ತಿದರು. ಬಾಗಿಲು ತೆರೆಯಿತು. ಡಾಕ್ಟರು ಬಾಗಿಲನ್ನು ನೋಡಲೇ ಇಲ್ಲ. ಹೆಬ್ಬೆರಳ ಪಕ್ಕದಲ್ಲಿ ಗುಳಿ ಬಿದ್ದಿತ್ತು, ಚರ್ಮದ ಕೆಳಗೆ ಏನೋ ಸಣ್ಣಗೆ ಅದುರುತ್ತಿತ್ತು. ಅವರು ಆ ಕೈಯನ್ನು ಹಿಡಿದುಕೊಂಡೇಬಿಟ್ಟರು.

"ಯಾವಾಗಿಂದ ಹೀಗೆ? ಯಾರಿಗಾದ್ರೂ ತೋರಿಸಿದ್ರಾ?"

"ನಿಮ್ಮೋರೇ ನೋಡ್ತಿದಾರೆ. ಆ ಪರೀಕ್ಷೆ ನಿಮ್ಮದು ಅಂತ ನನಗೂ ಈಗಲೇ ಗೊತ್ತಾಗಿದ್ದು." ಬೀಗರು ದನಿ ತಗ್ಗಿಸಿದರು. "ನಲವತ್ತೊಂದು ನಾನೇ."

"ನೀವಾ!" ಡಾಕ್ಟರಿಗೆ ಸಂತೋಷ ಉಕ್ಕಿಬಂತು, ಕಳೆದುಹೋದ ತಮ್ಮ ಸಿಕ್ಕಿದಷ್ಟು. "ನಿಮ್ಮ ಗೆರೆ ಬಿದ್ದೇ ಇಲ್ಲ ಮಾರಾಯ್ರೇ, ನಿಮ್ಮಿಂದಲೇ ನಾನು..." ಎನ್ನುತ್ತಿದ್ದವರು ಅಲ್ಲೇ ನಿಂತರು. ಕೀಲಿ ತಿರುಗಿಸಲಾಗದ ಕೈ ಆ ಯಂತ್ರವನ್ನು ಹೇಗೆ ಹಿಂಡಿತು?

"ತಪ್ಪಾಯ್ತು" ಎಂದರು ಬೀಗರು. "ಒಳಗೆ ಕರೆಯೋ ಮುಂಚೆ ಫ್ಲಾಸ್ಕಿನ ಬಿಸಿನೀರಲ್ಲಿ ಬಟ್ಟೆ ಅದ್ದಿ ಕೈಗೆ ಸುತ್ಕೋತೀನಿ, ಬೆರಳು ಸ್ವಲ್ಪ ಮಾತು ಕೇಳುತ್ವೆ. ಆಮೇಲೆ ಯಂತ್ರದ ಹಿಡೀನ ಮೇಜಿನ ಕೆಳಗೆ ತೊಡೆಗೆ ಆನಿಸಿ ಮೈಭಾರ ಹಾಕ್ತೀನಿ. ಬಲ ಅಳೆಯೋ ಹುಡುಗಿಗೆ ಕಾಣಲ್ಲ. ಕೈ ಸೋತೋರಿಗೆ ಔಷಧಿ ನಿಲ್ಲಿಸ್ತಾರೆ ಅಂತ ಹೊರಗಡೆ ಬೆಂಚಲ್ಲಿ ಯಾರೋ ಅಂದ್ರು. ಮಗನ ಮದುವೇಲಿ ನನ್ನ ಕಾಲ ಮೇಲೆ ನಾನು ನಿಂತಿರ್ಬೇಕು ಅಂತ ಒಂದೇ ಆಸೆ."

"ಯಾರಿಗೂ ನಿಲ್ಲಿಸಲ್ಲ! ಯಾರ್ರೀ ಹಾಗಂದಿದ್ದು?" ಡಾಕ್ಟರ ದನಿ ಒಡೆಯಿತು. ನಾಳೆ ತಮ್ಮ ಕೈಯಾರೆ ಆ ಗೆರೆಯನ್ನು ಹೊಡೆದುಹಾಕಬೇಕು. ಹಾಕಿದರೆ ಉಳಿಯುವುದು ಬರಿಯ ಇಳಿಯುವ ಗೆರೆಗಳು. ಯಾರನ್ನು ಬೈಯುವುದು? ಹೆಸರು ಬೇಡ, ಮುಖ ಬೇಡ ಎಂದವರು ತಾವೇ. ಈಗ ಆ ನಂಬರಿಗೆ ಮುಖ ಬಂದಿತ್ತು. ಇವತ್ತಿಗೆಂದೇ ಕ್ಷೌರ ಮಾಡಿಕೊಂಡಿದ್ದ ಗಲ್ಲದ ಮೇಲೆ ಬ್ಲೇಡು ಜಾರಿದ ಗಾಯಗಳಿದ್ದವು.

"ಮಗನಿಗೆ ಗೊತ್ತಾ?"

"ಇಲ್ಲ. ನೀವೂ ಹೇಳ್ಬೇಡಿ."

"ನೀವೇ ಹೇಳ್ಬೇಕು. ಇವತ್ತೇ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಬೀಗರು ಹೂಂ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಹೆಂಡತಿ ಬಂದರು. "ತೆಗೀತಾ ಬಾಗಿಲು? ಏನ್ರೀ ಇದು, ಬೀಗರ ಕೈ ಹಿಡ್ಕೊಂಡು ನಿಂತಿದೀರಲ್ಲ! ಬೆಳಿಗ್ಗೆ ನಾನು ಹೇಳಿದ್ದೇನು?"

ಡಾಕ್ಟರು ಕೈ ಬಿಡಲಿಲ್ಲ. "ಮದುವೆ ಮುಂದಿನ ತಿಂಗಳೇ ಇಟ್ಕೊಳ್ಳೋಣ" ಎಂದರು.

"ಅಬ್ಬಾ! ಮತ್ತೆ ನಿಮ್ಮ ನಲವತ್ತೊಂದು?"

"ತಡ ಬೇಡ ಅಂತ ಅವರೇ ಹೇಳಿದ್ರು ಕಣೇ."