ಪೂವಮ್ಮನ ಸರದಿ

ಜುವೈರಿಯಾಳ ಅಂಗೈಯ ಮದರಂಗಿ ಕಂಡದ್ದೇ ಪೂವಮ್ಮನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು.

"ನಾದಿನಿಯ ಮಗಳ ಮದುವೆ ಪೂವಕ್ಕ. ಮೂಡುಬಿದಿರೆಯಲ್ಲಿ ಮೂರು ದಿನ ಇದ್ದು ಬಂದೆ. ಚೀಲದಲ್ಲಿ ಬಟ್ಟೆ ಬಿಟ್ಟು ಬೇರೆ ಏನೂ ಇಲ್ಲ!" ಎನ್ನುತ್ತ ಜುವೈರಿಯಾ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು.

ಬೇರೆ ಏನೂ ಎಂದರೆ ಮಾತ್ರೆ. ಇಬ್ಬರಿಗೂ ಎಚ್‌ಐವಿ, ಇಬ್ಬರ ಮನೆಯಲ್ಲೂ ಗೊತ್ತಿಲ್ಲ. ಬಂಟ್ವಾಳದ ಈ ಚಿಕಿತ್ಸಾ ಕೇಂದ್ರದಲ್ಲಿ ಹೊಸ ಔಷಧದ ಅಧ್ಯಯನ ಶುರುವಾದಾಗ ಒಂದೇ ದಿನ ಸೇರಿದವರು. ಯಾರಿಗೆ ಏನು ಎಂದು ಕಂಪ್ಯೂಟರು ಚೀಟಿ ಎತ್ತಿತು. ಜುವೈರಿಯಾಳಿಗೆ ಎರಡು ತಿಂಗಳಿಗೊಮ್ಮೆ ಇಂಜೆಕ್ಷನ್ ಬಂತು. ಪೂವಮ್ಮನಿಗೆ ಹಳೆಯ ಮಾತ್ರೆಯೇ, ದಿನಾ ರಾತ್ರಿ, ಕದ್ದುಮುಚ್ಚಿ. ವರ್ಷ ಕಳೆದ ಮೇಲೆ ನಿಮಗೂ ಇಂಜೆಕ್ಷನ್ ಎಂದು ಡಾಕ್ಟರು ಹೇಳಿದ್ದರಿಂದ ಹಲ್ಲು ಕಚ್ಚಿ ಕಾದಿದ್ದಳು. ಕಾದಳು ಎಂದರೆ ಸುಮ್ಮನೆಯೇ? ಬಂದಾಗಲೆಲ್ಲ ಜುವೈರಿಯಾಳ ಹಗುರ ಮುಖ ಕಂಡು ಉರಿದುಕೊಂಡೇ ಕಾದಳು. ಇವಳಿಗೆ ಯಾಕೆ, ನನಗೆ ಯಾಕಿಲ್ಲ?

ಇವತ್ತು ಅವಳ ಸರದಿ. ಮಗಳು ಸಾತ್ವಿಕಾ ತುಂಬು ಬಸುರಿ, ಮಿಜಾರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಪೂವಮ್ಮನೇ ಲಾಯಿಲದ ತಮ್ಮನ ಮನೆಯಲ್ಲಿ ಇರುವವಳು. ಮಗಳನ್ನು ಅಲ್ಲಿಗೆ ಕರೆತರುವಂತಿಲ್ಲ. ಬಾಣಂತನಕ್ಕೆ ತಾನೇ ಹೋಗಿ ನಿಲ್ಲಬೇಕು. ಅಲ್ಲೋ ಎರಡೇ ಕೋಣೆ, ಬೀಗಿತ್ತಿ ಯಾರ ಚೀಲವನ್ನಾದರೂ ಬಿಚ್ಚಿ ನೋಡುವ ಹೆಂಗಸು. ಮಾತ್ರೆ ಕಣ್ಣಿಗೆ ಬಿದ್ದರೆ ಮಗಳ ಸಂಸಾರಕ್ಕೇ ಬೆಂಕಿ. ಇಂಜೆಕ್ಷನ್ ಸಿಕ್ಕೇ ಸಿಗುತ್ತದೆಂಬ ಧೈರ್ಯದಲ್ಲಿ, ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟೂ ಆಗಿತ್ತು.

ಡಾಕ್ಟರು ಇಬ್ಬರನ್ನೂ ಒಟ್ಟಿಗೇ ಒಳಗೆ ಕರೆದರು. "ಅಧ್ಯಯನ ಮುಗಿಯಿತು. ಔಷಧ ಒಳ್ಳೆಯದುಂಟು ಅಂತ ಸಾಬೀತಾಯ್ತು, ನಿಮ್ಮಿಂದಾಗಿ" ಎಂದವರು ದನಿ ತಗ್ಗಿಸಿದರು. "ಆದ್ರೆ ಕಂಪೆನಿ ಇನ್ನು ಕಳಿಸುವುದಿಲ್ಲ. ಮೊದಲು ಹೊರದೇಶದಲ್ಲಿ ಮಾರಾಟವಂತೆ. ಸರಕಾರ ತರಿಸುವವರೆಗೆ ಇಬ್ಬರಿಗೂ ಮಾತ್ರೆಯೇ."

ಜುವೈರಿಯಾಳ ಮುಖ ಬಿಳುಚಿಕೊಂಡದ್ದು ನೋಡಿ ಪೂವಮ್ಮನಿಗೆ ಮೊದಲು ಖುಷಿಯಾಯಿತು. ಸುಳ್ಳು ಯಾಕೆ, ಹಾಲು ಕುಡಿದಷ್ಟು ಖುಷಿ. ತನ್ನ ಸರದಿಯೂ ಅದರೊಟ್ಟಿಗೇ ಹೋಯಿತೆಂದು ತಲೆಗೆ ಹೊಕ್ಕಿದ್ದು ಆಮೇಲೆ.

"ಕೊಡುವಾಗ ಚೀಟಿ ಎತ್ತಿದ್ರಿ. ನಿಲ್ಲಿಸುವಾಗ ಚೀಟಿ ಇಲ್ವಾ ಡಾಕ್ಟ್ರೇ?" ಎಂದಳು ಪೂವಮ್ಮ.

"ನನ್ನ ಕೈಯಲ್ಲಿ ಏನೂ ಇಲ್ಲಮ್ಮ. ನಾನೂ ಕೇಳಿ ನೋಡಿದೆ" ಎಂದರು ಡಾಕ್ಟರು. ಅವರ ಮುಖವೂ ಸಣ್ಣದಾಗಿತ್ತು.

ಹೊರಗೆ ಬಂದ ಜುವೈರಿಯಾ ಮಾತ್ರೆಯ ಬಾಟಲಿ ಹಿಡಿದು ಬೆಂಚಿನಲ್ಲಿ ಕುಸಿದಳು.

"ನಿನಗೆ ಒಂದು ವರ್ಷವಾದ್ರೂ ಸಿಕ್ಕಿತು ಮಾರಾಯ್ತಿ. ಮದುವೆ ಊಟವೂ ಸಿಕ್ಕಿತು" ಎಂದು ಪೂವಮ್ಮ ಚುಚ್ಚಿದಳು.

"ಅದಕ್ಕೇ ಈಗ ಕಷ್ಟ ಪೂವಕ್ಕ. ಧೈರ್ಯ ಬಂತಲ್ಲ ಅಂತ ಅತ್ತೆಯನ್ನು ನನ್ನ ಕೋಣೆಯಲ್ಲೇ ಮಲಗಿಸ್ತಾ ಇದ್ದೇನೆ. ಅಡಗಿಸಿಡುವುದೇ ಮರೆತುಹೋಗಿದೆ ನನಗೆ." ಚೀಲಕ್ಕೆ ಹಾಕಲು ಎತ್ತಿದ ಬಾಟಲಿ ಗಲಗಲ ಎಂದಿತು.

ಪೂವಮ್ಮ ಅದನ್ನು ಕಿತ್ತುಕೊಂಡಳು. ತನ್ನ ಚೀಲದಿಂದ ಹತ್ತಿ ತೆಗೆದು ಒಳಗೆ ತುರುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ವಾಪಸು ಕೊಟ್ಟಳು. ಈಗ ಸದ್ದಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಹಾಗೆಯೇ ಇತ್ತು. ಅದನ್ನು ಯಾರ ಮೇಲೆ ಕಾರಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಸಾತ್ವಿಕಾಳ ಫೋನು. "ಅಮ್ಮ, ಯಾವಾಗ ಬರ್ತೀ?"

"ಸೊಂಟ ಹಿಡ್ಕೊಂಡಿದೆ ಮಗಾ. ಬರ್ಲಿಕ್ಕೆ ಆಗುವ ಹಾಗೆ ಕಾಣುವುದಿಲ್ಲ."

ಮಗಳು ಅಳುದನಿಯಲ್ಲೇ ಸಿಡುಕಿದಳು: "ಸೊಂಟನೋವಿಗೆಲ್ಲ ಯಾರಾದ್ರೂ ಬಾಣಂತನ ತಪ್ಪಿಸ್ತಾರಾ? ಡಾಕ್ಟ್ರ ಹತ್ರ ಹೋಗಿ ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಬಾ ಅಮ್ಮ."