ಕಟ್ ಅಂದ ಮೇಲೆ

"ಊಹೂಂ, ಮೈ ಜುಮ್ ಅನ್ನಲ್ಲಮ್ಮಾ ಇದು," ಎಂದು ನಿರ್ಮಾಪಕರು ಮತ್ತೆ ತಲೆಯಾಡಿಸಿದಾಗ, ಟ್ರೇಲರ್ ಕತ್ತರಿಸಿ ಜೋಡಿಸುತ್ತಿದ್ದ ಎಡಿಟರ್ ಹುಡುಗಿ ಕೊನೆಯ ಶಾಟನ್ನು ಮತ್ತೊಮ್ಮೆ ಓಡಿಸಿದಳು. ಪರದೆಯ ಮೇಲೆ ಸೂಪರ್‌ಹೀರೋ ತೋಳು ಚಾಚಿ ಆಕಾಶದಿಂದ ಇಳಿಯುತ್ತಿದ್ದ. ಅವನ ತಲೆಯ ಹಿಂದೆ ಸೂರ್ಯನನ್ನು ಪ್ರಭಾವಳಿಯ ಹಾಗೆ ಕೂರಿಸಿದ್ದಳು, ಪ್ರಾರ್ಥನೆಯಂಥ ಹಾಡು ಹಾಕಿದ್ದಳು, ಕೆಳಗೆ ಊರಿಗೆ ಊರೇ ಮಂಡಿಯೂರಿ ಕೈ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ದೇವರನ್ನು ಎಲ್ಲಿಂದ ತರುವುದು? ಸಂಜೆಯೊಳಗೆ ಒಪ್ಪಿಗೆಯಾಗದಿದ್ದರೆ ಈ ಕೆಲಸ ಬೇರೆಯವರ ಪಾಲು.

ಊಟದ ಡಬ್ಬಿ ತಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅವಳ ಅಮ್ಮ ಬಾಯಿ ಹಾಕಿದಳು. "ಅಲ್ಲ ಕಣೇ, ಮುಂದಿನ ಸಾಲಲ್ಲಿ ಆ ಅಜ್ಜಿ ಬರೀ ಕಲ್ಲಿನ ಮೇಲೆ ಮಂಡಿ ಊರಿದಾರಲ್ಲ, ಆಮೇಲೆ ಯಾರಾದ್ರೂ ಎಬ್ಬಿಸಿದ್ರಾ?"

"ಅಯ್ಯೋ ಅಮ್ಮಾ, ಅದು ಶೂಟಿಂಗು," ಎಂದವಳು ತಟ್ಟನೆ ಪರದೆಯತ್ತ ತಿರುಗಿದಳು. 'ಕಟ್' ಅಂದ ಮೇಲೂ ಕ್ಯಾಮೆರಾ ಒಂದಿಷ್ಟು ಹೊತ್ತು ಓಡಿರುತ್ತದೆ. ಆ ಬಾಲವನ್ನು ಯಾರೂ ನೋಡುವುದಿಲ್ಲ, ಅವಳೂ ನೋಡಿರಲಿಲ್ಲ. ಈಗ ಹುಡುಕಿ ಓಡಿಸಿದಳು.

ಹಾಡಿಲ್ಲ, ಪ್ರಭಾವಳಿಯಿಲ್ಲ. ಎಲ್ಲರೂ ಎದ್ದು ಹೊರಟರೂ ಅಜ್ಜಿಗೆ ಏಳಲಾಗಲಿಲ್ಲ. ಆಕಾಶದಿಂದ ಇಳಿಸಿದ ಹಗ್ಗ ಇನ್ನೂ ಸೊಂಟದಲ್ಲಿ ನೇತಾಡುತ್ತಿದ್ದ ಹೀರೋ, ಹೆಗಲಿನಿಂದ ಇಳಿಬಿದ್ದು ಕಾಲಿಗೆ ತೊಡರುವ ಉದ್ದನೆಯ ಕೆಂಪು ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಆಕೆಯೆದುರು ತಾನೇ ಮಂಡಿಯೂರಿದ. ಆಕೆಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದ. ನಿರ್ಮಾಪಕರು ಮುಂಗೈ ಮೇಲೆ ಎದ್ದ ರೋಮವನ್ನು ಸವರಿಕೊಂಡು, "ಕೊನೇ ಶಾಟು ಇದೇ ಇರಲಿ," ಎಂದರು.

ಅಮ್ಮ ನೆಮ್ಮದಿಯಿಂದ ಡಬ್ಬಿಯ ಮುಚ್ಚಳ ತೆಗೆದಳು. "ಇವನಾದ್ರೆ ಲೋಕ ಉಳಿಸ್ತಾನೆ ಬಿಡು."