ಹಸಿರು ಗಿಳಿ

“ಟೀಚರ್, ನೀವು ಈಗ ಯಾರಿಗಾದರೂ ಎಂತಾದರೂ ಕಳಿಸ್ತಾ ಇದ್ದೀರಾ?”

ಕಂಪ್ಯೂಟರ್ ನಿಧಾನವಾಗಿದೆಯೆಂದು ನೋಡಲು ಬಂದಿದ್ದ ಯೋಗೀಶ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. ನಾಯ್ಮಾರ್ಮೂಲೆಯಲ್ಲಿ ಅವನಿಗೆ ರಿಪೇರಿ ಅಂಗಡಿ. ಒಂದು ಕಾಲಕ್ಕೆ ರಮ್ಯಶ್ರೀ ಟೀಚರ ವಿದ್ಯಾರ್ಥಿ. “ಇಲ್ಲವಲ್ಲ” ಎಂದ ಟೀಚರು ಚಹಾದ ಲೋಟ ಹಿಡಿದೇ ನಿಂತರು.

“ಮತ್ತೆ ಇದು ಎಂತ? ಸುಮ್ಮನೆ ಕೂತಾಗಲೂ ಇಲ್ಲಿಂದ ಎಂತದೋ ಹೊರಗೆ ಹೋಗ್ತಾ ಉಂಟು. ವಿಳಾಸ ನೋಡಿದರೆ ನಮ್ಮ ದೇಶದ್ದಲ್ಲ.”

ಟೀಚರು ಲೋಟ ಕೆಳಗಿಟ್ಟರು. ಬುಧವಾರದಿಂದ ಹತ್ತನೇ ತರಗತಿಯ ಮಾದರಿ ಪರೀಕ್ಷೆ. ಮಲಯಾಳದಲ್ಲಿ ಬಂದ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅನುವಾದಿಸಿದ್ದು ಅವರೇ, ಇದೇ ಕಂಪ್ಯೂಟರಿನಲ್ಲಿ. ಒಂದಕ್ಷರವೂ ಹೊರಗೆ ಹೋಗದೆಂದು ಸಹಿ ಹಾಕಿ ಕೊಟ್ಟಿದ್ದರು. ಹೋಯಿತೆಂದರೆ ಪರೀಕ್ಷೆಯೂ ಹೋಯಿತು, ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಹೆಸರೂ ಹೋಯಿತು.

“ಎಲ್ಲ ನಿಮ್ಮಿಂದಲೇ!” ಎಂದು ಗಂಡ ಮಹಾಬಲರ ಕಡೆ ತಿರುಗಿದರು. “ಸಿಕ್ಕಿದ ಕಡೆಯಿಂದೆಲ್ಲ ಯಕ್ಷಗಾನ ಇಳಿಸಬೇಡಿ ಅಂತ ಎಷ್ಟು ಸಲ ಹೇಳಿದೆ?”

“ನನ್ನ ಯಕ್ಷಗಾನ ಒಳಗೆ ಬರುವುದು ಮಾರಾಯ್ತಿ, ಹೊರಗೆ ಹೋಗುವುದಲ್ಲ.” ಮಾತಿನಲ್ಲಿ ನ್ಯಾಯವಿತ್ತು, ಕೇಳುವ ಸ್ಥಿತಿಯಲ್ಲಿ ಹೆಂಡತಿ ಇರಲಿಲ್ಲ.

ಯೋಗೀಶ್ ಇಳಿಯುತ್ತಿದ್ದ ಯಕ್ಷಗಾನ ನಿಲ್ಲಿಸಿದ. ಪರದೆಯ ಮೇಲಿನ ಆ ವಿಳಾಸ ಅಲ್ಲೇ ಇತ್ತು. ಬ್ರೌಸರ್ ಮುಚ್ಚಿದ. ಆಗಲೂ ಇತ್ತು. ಕೊನೆಗೆ ಮೂಲೆಯಲ್ಲಿ ಕೂತಿದ್ದ ಸಣ್ಣ ಹಸಿರು ಗಿಳಿಯ ಚಿತ್ರವನ್ನು ಒತ್ತಿ ಅದನ್ನೂ ನಿಲ್ಲಿಸಿದ. ವಿಳಾಸ ಮಾಯವಾಯಿತು.

“ಈ ಗಿಳಿ ಎಲ್ಲಿಂದ ಬಂತು ಟೀಚರ್?”

ಮಲಯಾಳ ಹಾಕಿದರೆ ಕನ್ನಡ ಮಾಡಿಕೊಡುವ ಗಿಳಿ ಅದು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತ್ತು. ಮೂರು ದಿನದ ಅನುವಾದ ಒಂದೇ ಗಂಟೆಯಲ್ಲಿ ಮುಗಿದಾಗ ಟೀಚರು ಹಿರಿಹಿರಿ ಹಿಗ್ಗಿದ್ದರು.

ಯೋಗೀಶ್ ಅದನ್ನು ಮತ್ತೆ ತೆರೆದು, ಮಲಯಾಳದ ಯಾವುದೋ ಸುದ್ದಿಯನ್ನು ಅಂಟಿಸಿ ನೋಡಿದ. ವಿಳಾಸ ಮರಳಿ ಬಂತು. ಹೊರಗೆ ಹೋದದ್ದರ ಸಂಖ್ಯೆ ಸರಸರ ಏರಿತು.

“ಇದಕ್ಕೆ ಕೊಟ್ಟದ್ದೆಲ್ಲ ಅಲ್ಲಿಗೆ ಹೋಗ್ತದೆ. ಅಲ್ಲಿ ಯಾರು ಓದ್ತಾರೋ, ಎಂತ ಮಾಡ್ತಾರೋ, ಗೊತ್ತಿಲ್ಲ.” ಅವನು ದನಿ ತಗ್ಗಿಸಿದ. “ತೆಗೆದುಬಿಡ್ಲಾ ಟೀಚರ್? ಗುರುತೂ ಉಳಿಯದ ಹಾಗೆ? ನಾನು ಯಾರಿಗೂ ಹೇಳುವುದಿಲ್ಲ.”

ಆ ಮಾತು ಅಷ್ಟು ಹಿತವಾಗಿ ಕೇಳಿಸಿದ್ದಕ್ಕೆ ಟೀಚರಿಗೆ ನಾಚಿಕೆಯಾಯಿತು. ಆದರೂ “ಹೂಂ, ತೆಗಿ” ಎಂದುಬಿಟ್ಟರು.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಕನ್ನಡಕ್ಕೆ ಅನುವಾದಿಸುವ ಅಧ್ಯಾಪಕರ ವಾಟ್ಸಾಪ್ ಗುಂಪು. ಬಂದ್ಯೋಡಿನ ಶಿವಸುಬ್ರಹ್ಮಣ್ಯ ಮಾಷ್ಟ್ರು ಬರೆದಿದ್ದರು: “ರಮ್ಯಶ್ರೀ ಟೀಚರಿಗೆ ಧನ್ಯವಾದ. ನೀವು ಕೊಟ್ಟ ಗಿಳಿಯಿಂದ ಗಣಿತದ ಪತ್ರಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು.” ಅದರ ಕೆಳಗೆ ಒಂದೊಂದಾಗಿ ಕೈಮುಗಿದ ಚಿತ್ರಗಳು ಬೀಳತೊಡಗಿದವು: ರಸಾಯನಶಾಸ್ತ್ರದವರದು, ಜೀವಶಾಸ್ತ್ರದವರದು.

ಟೀಚರು ಯೋಗೀಶನ ಕೈ ತಡೆದರು.

“ತೆಗೆಯಬೇಡ ಮಾರಾಯ, ಇಲ್ಲಿ ತೆಗೆದರೆ ಮುಗಿಯುವುದಿಲ್ಲ. ಅದು ಈಗ ಈ ಗುಂಪಿನ ಹನ್ನೊಂದು ಅಧ್ಯಾಪಕರ ಮನೆಯಲ್ಲಿ ಉಂಟು. ಕಳಿಸಿದ್ದು ನಾನೇ.”